ನೀರಿನಲ್ಲಿ ಕರಗದ ಪುಡಿ

೨ ಆಗಸ್ಟ್ ೧೯೪೮, ಸೋಮವಾರ. ಮಕ್ತಲ್

ನಾರಾಯಣಪೇಟೆಯ ಶಾಲೆ ಮುಚ್ಚಿ ಇವತ್ತಿಗೆ ಒಂಬತ್ತು ದಿನ. ಮುಚ್ಚುವ ದಿನ ಹೆಡ್‌ಮಾಸ್ತರರು ಪ್ರಯೋಗಶಾಲೆಯ ಸಾಮಾನನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ತುಂಬಿಸಿ, "ಜಯತೀರ್ಥಾಚಾರ್, ಇಲ್ಲೇ ಬಿಟ್ರ ಲೂಟಿ ಆಗತಾವ. ನಿಮ್ಮೂರಿಗೆ ಒಯ್ಯಿರಿ" ಎಂದು ನನಗೆ ಒಪ್ಪಿಸಿದರು. ಸ್ಪಿರಿಟ್ ದೀಪ ಒಂದು, ಪ್ರನಾಳಗಳು ಹನ್ನೊಂದು, ಪ್ಲಾಟಿನಂ ತಂತಿ, ಹೈಡ್ರೋಕ್ಲೋರಿಕ್ ಆಮ್ಲ ಕಾಲು ಬಾಟಲಿ. ನಿಜಾಮರ ಸಂಸ್ಥಾನಕ್ಕೆ ಇಂಡಿಯಾ ಹಾಕಿರುವ ನಾಕಾಬಂದಿ ಮುಗಿಯುವವರೆಗೆ ಇನ್ನೊಂದು ಬಾಟಲಿ ಬರುವಂತಿಲ್ಲ.

ತಾಯಿಯೂ ಹೆಂಡತಿ ರಾಧಾಬಾಯಿಯೂ ಜೂನ್‌ನಲ್ಲೇ ನಿಜಾಮರ ಪರದ ರಜಾಕಾರರ ಭಯಕ್ಕೆ ಸರಹದ್ದು ದಾಟಿ ಮಂತ್ರಾಲಯಕ್ಕೆ ಹೋಗಿದ್ದಾರೆ. ಮನೆ ನಿಶ್ಶಬ್ದ. ಓದುವವನಿಗೆ ಅನುಕೂಲ.

ಮಧ್ಯಾಹ್ನ ತಹಶೀಲಿನ ಪೇಶ್ಕಾರರು ಕರೆಸಿದರು. ಊರಲ್ಲಿ ಉಪ್ಪಿಲ್ಲ. ಸಮುದ್ರದ ಉಪ್ಪು ರೈಲಿನಲ್ಲಿ ಬರುತ್ತಿತ್ತು, ಇಂಡಿಯಾ ಸರಕಾರ ನಿಲ್ಲಿಸಿದೆ. "ನೀವು ಸೈನ್ಸ್ ಮಾಸ್ತರ್ ಅದೀರಿ. ಉಟ್ಕೂರ್ ದಾರ್ಯಾಗ ಸೌಳುಮಣ್ಣು ಐತಲ್ಲ, ಅದರಾಗಿಂದ ತಿನ್ನೋ ಉಪ್ಪು ತೆಗದು ಕೊಡ್ರಿ" ಎಂದರು. ಒಪ್ಪಿದೆ. ಬೇರೆ ಕೆಲಸವೂ ಇರಲಿಲ್ಲ.

೫ ಆಗಸ್ಟ್, ಗುರುವಾರ

ಉಪ್ಪಾರರ ಓಣಿಯ ಹೊರಗೆ ಒಬ್ಬ ಹೆಂಗಸು ಇನ್ನೂ ಉಪ್ಪಿನ ಭಟ್ಟಿ ಇಟ್ಟುಕೊಂಡಿದ್ದಾಳೆ ಎಂದು ತಿಳಿದು ಹೋದೆ. ವಯಸ್ಸು ಐವತ್ತರ ಮೇಲೆ. ಹೆಸರು ಮೊಗುಲಮ್ಮ. ಬೇಸಿಗೆಯಲ್ಲಿ ಕೆರೆದಿಟ್ಟ ಸೌಳುಮಣ್ಣು ಜೋಪಡಿಯೊಳಗೆ ಎದೆಯೆತ್ತರಕ್ಕೆ ರಾಶಿ ಬಿದ್ದಿದೆ. ರೈಲಿನ ಉಪ್ಪು ಬಂದ ಮೇಲೆ ಇವಳ ಉಪ್ಪನ್ನು ಕೇಳುವವರಿರಲಿಲ್ಲ. ದನಕ್ಕೆ ಹಾಕುವವರು, ತೊಗಲು ಹದ ಮಾಡುವವರು ಮಾತ್ರ ಬರುತ್ತಿದ್ದರಂತೆ.

ನಾನು ಬದುವಿನ ಮೇಲೆ ನಿಂತೆ. ಅವಳು ಮೂರು ಬಗೆಯ ಬಿಳಿ ಹರಳನ್ನು ಮುತ್ತುಗದ ಎಲೆಯ ಮೇಲಿಟ್ಟು, ಎಲೆಯನ್ನು ನೆಲದ ಮೇಲೆ ದೂರ ಇಟ್ಟಳು. ಅವಳು ಹಿಂದೆ ಸರಿದ ಮೇಲೆ ಎತ್ತಿಕೊಂಡೆ. ಮನೆಗೆ ಬಂದು ಸ್ನಾನ ಮಾಡಿ ಪರೀಕ್ಷಿಸಿದೆ. ಒಂದು ಸುಣ್ಣದ ಸಲ್ಫೇಟು, ಎಂದರೆ ಜಿಪ್ಸಂ. ಎರಡನೆಯದು ಊಟದ ಉಪ್ಪು. ಮೂರನೆಯದು ಸೋಡಿಯಂ ಸಲ್ಫೇಟು. ಅದನ್ನು ಅವಳು ಖಾರಿ ಎನ್ನುತ್ತಾಳೆ, ತಿಂದರೆ ಭೇದಿಯಾಗುತ್ತದೆ ಎಂದು ಬೇರೆ ಮಡಕೆಯಲ್ಲಿ ತುಂಬಿಡುತ್ತಾಳೆ. ಮೂರೂ ಸಾಕಷ್ಟು ಶುದ್ಧವಾಗಿದ್ದವು. ನಾನು ತೆಗೆದು ಕೊಡಬೇಕಾದದ್ದೇನೂ ಇರಲಿಲ್ಲ.

೧೨ ಆಗಸ್ಟ್, ಗುರುವಾರ

ನಾಲ್ಕು ದಿನದಿಂದ ಭಟ್ಟಿಯ ಕೆಲಸ ನೋಡುತ್ತಿದ್ದೇನೆ. ಮಣ್ಣಿಗೆ ನೀರು ಹೊಯ್ದು ಬಸಿದು, ಬಸಿದ ನೀರನ್ನು ಕಾಯಿಸುತ್ತಾಳೆ. ಮೊದಲು ಹಾಲಿನ ಕೆನೆಯಂತೆ ಜಿಪ್ಸಂ ಕಟ್ಟುತ್ತದೆ, ಅದನ್ನು ಬಳಿದು ಚೆಲ್ಲುತ್ತಾಳೆ. ನೀರು ಇನ್ನೂ ಕುದಿಯುತ್ತಿರುವಾಗಲೇ ತಳಕ್ಕೆ ಬೀಳುವ ಉಪ್ಪನ್ನು ತೆಗೆದುಬಿಡುತ್ತಾಳೆ. ಉಳಿದ ನೀರು ತಣ್ಣಗಾದ ಮೇಲೆ ಸೂಜಿಯಂಥ ಖಾರಿ ಏಳುತ್ತದೆ.

ಇವತ್ತು ಕೇಳಿದಳು: "ಮೂರೂ ಒಂದೇ ಮಣ್ಣಾಗ ಹುಟ್ಟಿದ್ದು. ಒಂದು ನೀರಾಗ ಕರಗತೈತಿ, ಒಂದು ಕರಗಂಗಿಲ್ಲ, ಇನ್ನೊಂದು ಸುಡೋ ನೀರಾಗ ಕರಗಿ ತಣ್ಣಗಾದ್ರ ಎದ್ದು ಬರತೈತಿ. ಯಾಕ್ರಿ?"

"ಅದು ಅವುಗಳ ಗುಣ" ಎಂದೆ.

"ಗುಣ ಅಂದ್ರ ಹೆಸರು ಹೇಳಿದಂಗಾತು. ಯಾಕ ಅನ್ನೋದು ಹೇಳಿಲ್ಲ."

ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಸೋಡಿಯಂನ ಲವಣಗಳೆಲ್ಲ ಕರಗುತ್ತವೆ. ಸಲ್ಫೇಟುಗಳು ಕರಗುತ್ತವೆ, ಬೇರಿಯಂ ಮತ್ತು ಸೀಸದವು ಬಿಟ್ಟು; ಸುಣ್ಣದ್ದು ತೀರ ಸ್ವಲ್ಪ. ಕಾರ್ಬೊನೇಟುಗಳು ಕರಗುವುದಿಲ್ಲ, ಸೋಡಿಯಂ ಮತ್ತು ಪೊಟ್ಯಾಸಿಯಂನವು ಬಿಟ್ಟು. ಉರ್ದುವಿನಲ್ಲಿ ಕಲಿತ ಈ ಕೋಷ್ಟಕ ನಿದ್ದೆಯಲ್ಲೂ ಬರುತ್ತದೆ. ಯಾವ ಹುಡುಗನೂ ಯಾಕೆ ಎಂದು ಕೇಳಿರಲಿಲ್ಲ.

ಸ್ವಲ್ಪ ಯೋಚಿಸಿ ಹೇಳಿದೆ: ಹರಳಿನ ಕಣಗಳು ಎರಡು ಜಾತಿ, ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನೀರಿನ ಕಣಕ್ಕೂ ಎರಡು ತುದಿ. ಒಂದು ತುದಿ ಈ ಜಾತಿಯನ್ನು ಎಳೆಯುತ್ತದೆ, ಇನ್ನೊಂದು ಆ ಜಾತಿಯನ್ನು. ಒಳಗಿನ ಹಿಡಿತ ಗಟ್ಟಿಯಾದರೆ ಹರಳು ಉಳಿಯುತ್ತದೆ, ಹೊರಗಿನ ಎಳೆತ ಹೆಚ್ಚಾದರೆ ಬಿಚ್ಚಿಹೋಗುತ್ತದೆ.

"ಅಂದ್ರ ಜಗ್ಗಾಟ" ಎಂದಳು. "ಹಂಗಾದ್ರ ಯಾವುದು ಗೆಲ್ಲತೈತಿ ಅಂತ ಮೊದಲ ಹ್ಯಾಂಗ ಹೇಳಾದು?"

ಹೇಳಲಾಗುವುದಿಲ್ಲ ಎಂದೆ. ಮೆಗ್ನೀಸಿಯಂ ಸಲ್ಫೇಟಿನಲ್ಲಿಯೂ ಬೇರಿಯಂ ಸಲ್ಫೇಟಿನಲ್ಲಿಯೂ ಹಿಡಿತ ಬಲವಾದದ್ದೇ. ಆದರೆ ಮೆಗ್ನೀಸಿಯಂನ ಕಣ ಚಿಕ್ಕದು, ನೀರು ಅದನ್ನು ಇನ್ನೂ ಬಲವಾಗಿ ಸುತ್ತಿಕೊಳ್ಳುತ್ತದೆ. ಆದ್ದರಿಂದ ಅದು ಕರಗುತ್ತದೆ, ಇದು ಕರಗುವುದಿಲ್ಲ. ಎರಡೂ ಕಡೆಯ ಬಲ ದೊಡ್ಡದು, ವ್ಯತ್ಯಾಸ ಮಾತ್ರ ಸಣ್ಣದು. ಹಾಕಿ ನೋಡುವುದೇ ದಾರಿ.

"ನಾವೂ ಅದನ್ನ ಮಾಡತೀವಿ" ಎಂದಳು ಹೆಂಗಸು.

೨೦ ಆಗಸ್ಟ್, ಶುಕ್ರವಾರ

ಪೇಶ್ಕಾರರ ಕರೆ. ರೈತರಿಂದ ವಸೂಲಿ ಮಾಡಿದ ಲೆವಿ ಜೋಳ ತುಂಬಿಡುವ ಸರಕಾರಿ ಗೋದಾಮಿನ ಮೂಲೆಯಲ್ಲಿ ಎರಡು ತಗಡಿನ ಡಬ್ಬಿ ಸಿಕ್ಕಿವೆ. ಚೀಟಿ ಹರಿದಿದೆ. ಒಳಗೆ ನುಣ್ಣನೆಯ ಬಿಳಿ ಪುಡಿ. ಉಪ್ಪೋ, ನೀರು ತಿಳಿಮಾಡುವ ಪಟಿಕವೋ ಇದ್ದೀತು ಎಂಬ ಆಸೆ ಅವರಿಗೆ.

ಒಂದು ಚಿಟಿಕೆ ನೀರಿಗೆ ಹಾಕಿ ಕದಡಿದೆ. ತಳಕ್ಕೆ ಕೂತಿತು. ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದೆ, ರುಚಿಯಿಲ್ಲ. ಮುಂದಿನ ಹಂತ ಒಂದು ಹನಿ ಆಮ್ಲ. ಆಮ್ಲ ಮನೆಯಲ್ಲಿತ್ತು, ಇದ್ದದ್ದೂ ಕಾಲು ಬಾಟಲಿ, ಪರೀಕ್ಷೆಯ ಹುಡುಗರಿಗೆ ಬೇಕಾದದ್ದು. ಚೀಟಿಯಲ್ಲಿ ಬರೆದುಕೊಟ್ಟೆ: ನೀರಿನಲ್ಲಿ ಕರಗದು, ಉಪ್ಪಲ್ಲ, ಪಟಿಕವಲ್ಲ, ಉಪಯೋಗವಿಲ್ಲ.

ಗೋದಾಮು ಗುಡಿಸುವ ಹೆಂಗಸು ಕಸಬರಿಗೆ ಹಿಡಿದು ನಿಂತಿದ್ದಳು. ಗಂಡನ ಕುರಿಗಳನ್ನು ರಜಾಕಾರರು ಒಯ್ದ ಮೇಲೆ ಈ ಕೆಲಸಕ್ಕೆ ಸೇರಿದವಳಂತೆ. "ಏನ್ರಿ ಅದು ಮಾಸ್ತರ?" ಎಂದಳು.

"ಸುಣ್ಣದ ಪುಡಿ ಇದ್ದಂಗ."

"ಬಾಯಾಗ ಹೋದ್ರ ಏನರ ಆಗತೈತೇನ್ರಿ?"

"ನೀರಾಗ ಕರಗಂಗಿಲ್ಲ. ಹೋದದ್ದು ಹೋದಂಗ ಹೊರಗ ಬರತೈತಿ."

ಬಾಗಿಲಲ್ಲಿ ಚೌಕೀದಾರ ಮದಾರ್ ಸಾಬ್ ಕೀಲಿ ಹಿಡಿದು ಕಾಯುತ್ತಿದ್ದ. ಬೇಗ ಮುಗಿಸಿ ಬಂದೆ.

೧೪ ಸೆಪ್ಟೆಂಬರ್, ಮಂಗಳವಾರ

ನಿನ್ನೆಯಿಂದ ಇಂಡಿಯಾದ ಫೌಜು ನಾಲ್ಕೂ ಕಡೆಯಿಂದ ಒಳಗೆ ಬರುತ್ತಿದೆ ಎಂದು ಸುದ್ದಿ. ಮಧ್ಯಾಹ್ನ ಒಂದು ವಿಮಾನ ರಾಯಚೂರಿನ ಕಡೆಯಿಂದ ಬಂದು ಗದ್ವಾಲದ ಕಡೆಗೆ ಹೋಯಿತು. ಮೊಗುಲಮ್ಮ ಭಟ್ಟಿ ಆರಿಸಲಿಲ್ಲ.

೧೭ ಸೆಪ್ಟೆಂಬರ್, ಶುಕ್ರವಾರ

ಅನಂತ ಚತುರ್ದಶಿ. ನಿಜಾಮರು ಶರಣಾದರೆಂದು ರೇಡಿಯೋದಲ್ಲಿ ಬಂತಂತೆ. ಪೂಜೆ ಮುಗಿಸಿದೆ.

೧೯ ಸೆಪ್ಟೆಂಬರ್, ಭಾನುವಾರ

ಪೇಶ್ಕಾರರು ಮೊನ್ನೆಯೇ ಊರು ಬಿಟ್ಟರು. ರಜಾಕಾರರ ಸುಳಿವಿಲ್ಲ. ಇವತ್ತು ಬೆಳಿಗ್ಗೆ ಜನ ಗೋದಾಮಿನ ಬಾಗಿಲು ಒಡೆದರು. ನಮ್ಮ ಕಟ್ಟೆಯ ಮೇಲಿಂದ ಕಾಣುತ್ತಿತ್ತು. ತಮ್ಮಿಂದ ಕಿತ್ತುಕೊಂಡ ಜೋಳವನ್ನೇ ತಾವು ಒಯ್ದರು, ತಪ್ಪೆನ್ನಲು ಕಾರಣವಿಲ್ಲ. ಹೆಂಗಸರು ಸೆರಗಿನಲ್ಲಿ, ಗಂಡಸರು ಕಂಬಳಿಯಲ್ಲಿ. ಚೀಲ, ತಕ್ಕಡಿ, ಡಬ್ಬಿ, ಬಾಗಿಲಿನ ಹಲಗೆ, ಎಲ್ಲ ಹೋದವು.

೨೨ ಸೆಪ್ಟೆಂಬರ್, ಬುಧವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ದವಾಖಾನೆಯ ಕಾಂಪೌಂಡರ್ ವೆಂಕಟೇಶ ಓಡುತ್ತ ಬಂದ. ಡಾಕ್ಟರರು ಹೋಗಿ ತಿಂಗಳಾಯಿತು, ಇರುವವನು ಅವನೊಬ್ಬನೇ. "ಕುರುಬರ ಓಣ್ಯಾಗ ಕಾಲರಾ ಬಂದಂಗೈತ್ರಿ. ಒಂದ ಮನ್ಯಾಗ ನಾಲ್ಕು ಮಂದಿ. ಬಾವಿಗೆ ಹಾಕಾಕ ಬ್ಲೀಚಿಂಗ್ ಪುಡಿ ಐತೇನು ನಿಮ್ಮ ಪೆಟಿಗ್ಯಾಗ?" ಇರಲಿಲ್ಲ. ಆದರೂ ಅವನ ಜೊತೆ ಹೋದೆ.

ಕುರುಮಯ್ಯ ಎಂಬ ಕುರುಬನ ಮನೆ. ಅವನು, ಅವನ ಮುದಿ ತಾಯಿ ಬುಚ್ಚಮ್ಮ, ಹತ್ತು ವರ್ಷದ ಮಗಳು ಕಿಷ್ಟಮ್ಮ, ಹೆಂಡತಿ. ಹೆಂಡತಿ ಗೋದಾಮು ಗುಡಿಸುತ್ತಿದ್ದವಳೇ. ಹೆಸರು ಪೆಂಟಮ್ಮ. ನಾಲ್ವರಿಗೂ ನಿನ್ನೆ ಸಂಜೆಯ ಊಟದ ನಂತರ ವಾಂತಿ, ಭೇದಿ. ಆದರೆ ಕಾಲರಾದಲ್ಲಿ ಕಾಣದ ಒಂದು ಲಕ್ಷಣವಿತ್ತು. ಕುರುಮಯ್ಯನಿಗೆ ಕಾಲು ಎತ್ತಲಾಗುತ್ತಿರಲಿಲ್ಲ. "ತುಟಿ ಜುಮ್ಮಂತಾವ, ಕಾಲು ನನ್ನವಲ್ಲ ಅನಸತೈತಿ" ಎಂದ. ಅಂಗಳದಲ್ಲಿ ಮೂರು ಕೋಳಿ ಸತ್ತು ಬಿದ್ದಿದ್ದವು. ಕೋಳಿಗೆ ಕಾಲರಾ ಬರುವುದಿಲ್ಲ.

ಹಿಟ್ಟು ತೋರಿಸಲು ಹೇಳಿದೆ. ಪೆಂಟಮ್ಮ ಮಲಗಿದಲ್ಲಿಂದಲೇ ಹೇಳಿದಳು: "ಜೋಳಕ್ಕ ಹುಳ ಬೀಳಬಾರದಂತ ಆ ಪುಡಿ ಕಲಿಸಿದ್ದೆ. ಬೂದಿ ಕಲಿಸಿದಂಗ. ಬೀಸೋಮುಂದ ಕೇರಿದ್ದೆ, ಪೂರಾ ಹೋಗಿದ್ದಿಲ್ಲ. ಏನೂ ಆಗಂಗಿಲ್ಲ ಅಂತ ನೀವ ಅಂದಿದ್ರಿ."

ಡಬ್ಬಿ ಮೂಲೆಯಲ್ಲಿತ್ತು.

ಮನೆಗೆ ಹೋಗಿ ಆಮ್ಲದ ಬಾಟಲಿ, ತಂತಿ, ಸ್ಪಿರಿಟ್ ದೀಪ ತಂದೆ. ಅವರ ಪಡಸಾಲೆಯಲ್ಲೇ ಚಿಟಿಕೆ ಪುಡಿಗೆ ನಾಲ್ಕು ಹನಿ ಬಿಟ್ಟೆ. ಬುರುಗೆದ್ದು ಪೂರ್ತಿ ಕರಗಿತು. ತಂತಿಯನ್ನು ಅದರಲ್ಲಿ ಅದ್ದಿ ಜ್ವಾಲೆಗೆ ಹಿಡಿದೆ. ಎಳೆ ಹೆಸರುಕಾಯಿಯ ಹಸಿರು. ಬೇರಿಯಂ. ನೀರಿನಲ್ಲಿ ಕರಗದ, ಆಮ್ಲದಲ್ಲಿ ಕರಗುವ ಬೇರಿಯಂ ಕಾರ್ಬೊನೇಟು. ಇಲಿಗಳಿಗೆ ಇಡುವ ವಿಷ. ಆ ಆಮ್ಲವೇ ಪ್ರತಿ ಮನುಷ್ಯನ ಜಠರದಲ್ಲೂ ಇದೆ. ಇದನ್ನು ನಾನು ಪ್ರತಿ ವರ್ಷ ಆರನೆಯ ಪಾಠದಲ್ಲಿ ಹೇಳುತ್ತೇನೆ.

ಬೇರಿಯಂ ಕರಗಿದ್ದರೆ ಮಾತ್ರ ರಕ್ತಕ್ಕೆ ಹೋಗುತ್ತದೆ. ಸಲ್ಫೇಟು ಸಿಕ್ಕರೆ ಮತ್ತೆ ಗಟ್ಟಿಯಾಗುತ್ತದೆ, ಆ ಗಟ್ಟಿಯನ್ನು ಜಠರದ ಆಮ್ಲವೂ ಕರಗಿಸಲಾರದು. ಆದ್ದರಿಂದ ವೆಂಕಟೇಶನಿಗೆ ವಿಲಾಯತಿ ಭೇದಿ ಉಪ್ಪು ಕೇಳಿದೆ, ಅದು ಮೆಗ್ನೀಸಿಯಂ ಸಲ್ಫೇಟು. "ಮೇ ತಿಂಗಳದಾಗ ತೀರೇತ್ರಿ. ಗದ್ವಾಲದಾಗ ಸಿಗಬಹುದು" ಎಂದ. ಗದ್ವಾಲ ಕೃಷ್ಣೆಯ ಆಚೆ. ಹೊಳೆ ತುಂಬಿದೆ, ದೋಣಿ ನಿಂತಿದೆ.

ಆಗ ಖಾರಿ ನೆನಪಾಯಿತು. ಉಪ್ಪಾರರ ಓಣಿಗೆ ಓಡಿದೆ. ಓಡಿ ಎಷ್ಟು ವರ್ಷವಾಗಿತ್ತೋ. ಮೊಗುಲಮ್ಮ ಪೂರ್ತಿ ಕೇಳಿಸಿಕೊಳ್ಳದೆ ಮಡಕೆಯನ್ನು ತಲೆಯ ಮೇಲಿಟ್ಟುಕೊಂಡು ನನಗಿಂತ ಮುಂದೆ ನಡೆದಳು. ದಾರಿಯಲ್ಲಿ ಒಂದೇ ಮಾತು: "ಎಷ್ಟು ಕುಡಿಸಬೇಕು, ಅದನ್ನ ಹೇಳ್ರಿ."

ದೊಡ್ಡವರಿಗೆ ಒಂದು ಹಿಡಿಯ ಅರ್ಧ, ಚೊಂಬು ನೀರಿನಲ್ಲಿ. ಹುಡುಗಿಗೆ ಅದರ ಅರ್ಧ. ಪುಸ್ತಕದಲ್ಲಿ ತೂಕ ಇದ್ದೀತು, ನನ್ನ ಬಳಿ ಪುಸ್ತಕವಿರಲಿಲ್ಲ. ಕುಡಿಸುವ ಮೊದಲು, ಆಮ್ಲದಲ್ಲಿ ಕರಗಿದ್ದ ಪುಡಿಗೆ ಖಾರಿಯ ನೀರನ್ನು ಬಿಟ್ಟು ನೋಡಿದೆ. ಬಿಳಿ ಮೋಡ ಇಳಿಯಿತು. ಉಳಿದ ಆಮ್ಲವನ್ನೆಲ್ಲ ಸುರಿದೆ. ಮೋಡ ಹಾಗೆಯೇ ಇತ್ತು.

ಕಿಷ್ಟಮ್ಮ ಮೊದಲ ಸಲದ್ದನ್ನು ನನ್ನ ಪಂಚೆಯ ಮೇಲೆಯೇ ಕಾರಿದಳು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚೆಯಿಂದ ಕುಡಿಸಿದೆ. ಎರಡನೆಯದು ನಿಂತಿತು. ಕುರುಮಯ್ಯ ಒಂದೇ ಉಸಿರಿಗೆ ಕುಡಿದ. ಪೆಂಟಮ್ಮನೂ ಕುಡಿದಳು. ಬುಚ್ಚಮ್ಮನ ದವಡೆ ಬಿಗಿದಿತ್ತು. ಮೊಗುಲಮ್ಮ ಬೆರಳಿಟ್ಟು ಬಿಡಿಸಿದಳು. ಒಳಗೆ ಹೋದದ್ದು ಹೊರಗೆ ಹರಿಯಿತು. ಮುದುಕಿಗೆ ಉಸಿರಾಡುವ ಶಕ್ತಿ ಮೆಲ್ಲನೆ ಹೋಯಿತು. ಕಣ್ಣು ಮಾತ್ರ ಕೊನೆಯವರೆಗೂ ಚುರುಕಾಗಿತ್ತು, ಯಾರು ಮಾತಾಡಿದರೆ ಅವರ ಕಡೆ ತಿರುಗುತ್ತಿತ್ತು. ಮೂರೂವರೆಗೆ ತೀರಿಕೊಂಡಳು.

ಎರಡನೆಯ ಡಬ್ಬಿ ಎಲ್ಲಿ? ವೆಂಕಟೇಶ ಒಂದು ಓಣಿ, ಮೊಗುಲಮ್ಮ ಒಂದು, ನಾನು ಒಂದು ಹಿಡಿದು ಮನೆ ಮನೆ ಕೇಳಿದೆವು. ಬಡಗಿ ಎಂಕಪ್ಪನ ಮನೆಯಲ್ಲಿ ಸಿಕ್ಕಿತು. ಅವನು ಅರ್ಧ ಡಬ್ಬಿ ಕಲೆಸಿ ಗೋಡೆಗೆ ಬಳಿದಿದ್ದ. "ಸುಣ್ಣದಂಗ ಹಿಡಿಯವಲ್ದು, ಉದರತೈತಿ" ಎಂದು ದೂರಿದ. ಉಳಿದದ್ದನ್ನೂ, ಕೆರೆಸಿದ್ದನ್ನೂ ಮೊಗುಲಮ್ಮನ ಖಾರಿ ನೀರಿನಲ್ಲಿ ಕಲೆಸಿ ಊರ ಹೊರಗೆ ಆಳವಾಗಿ ಹೂಳಿಸಿದೆ.

ಹುಡುಗಿಯ ನಾಡಿ ಸಂಜೆ ಸರಿಯಾಗಿತ್ತು.

೨೩ ಸೆಪ್ಟೆಂಬರ್, ಗುರುವಾರ

ಕುರುಮಯ್ಯ ಕೈ ಎತ್ತಿದ, ಕಾಲು ಇನ್ನೂ ಎತ್ತಲಾಗಲಿಲ್ಲ. ಪೆಂಟಮ್ಮ ಕೂತಳು. ಕಿಷ್ಟಮ್ಮ ಅಂಬಲಿ ಕೇಳಿದಳು. ತಾಯಿಯನ್ನು ಮಣ್ಣು ಮಾಡುವಾಗ ಕುರುಮಯ್ಯನನ್ನು ಹೊರಸಿನ ಮೇಲೆ ಹೊತ್ತು ಒಯ್ದರು.

ತಪ್ಪು ನನ್ನದೆಂದು ಅವರಿಗೆ ನಾನಿನ್ನೂ ಹೇಳಿಲ್ಲ. ಪೆಂಟಮ್ಮ ಆ ಮಾತನ್ನು ಮತ್ತೆ ಎತ್ತಲಿಲ್ಲ. ಓಣಿಯಲ್ಲೆಲ್ಲ ನನ್ನ ಕೈಗುಣದ ಹೊಗಳಿಕೆ.

೨೪ ಸೆಪ್ಟೆಂಬರ್, ಶುಕ್ರವಾರ

ಬೆಳಿಗ್ಗೆ ಹತ್ತಕ್ಕೆ ಚಾವಡಿಯ ಮುಂದೆ ಗದ್ದಲ. ಮದಾರ್ ಸಾಬನನ್ನು ಬೇವಿನ ಮರಕ್ಕೆ ಕಟ್ಟಿದ್ದರು. ನಿಜಾಮರ ವಿರುದ್ಧ ಹೋರಾಡುವವರ ಸರಹದ್ದಿನ ಕ್ಯಾಂಪಿನಿಂದ ಬಂದೂಕು ಸಮೇತ ಮರಳಿರುವ ಯಂಕಣ್ಣ ಎಂಬವನು ಮುಂದಾಳು. ಅವನ ಅಣ್ಣನನ್ನು ರಜಾಕಾರರು ಕೊಂದಿದ್ದರು. "ಹೋಗೋಮುಂದ ರಜಾಕಾರರು ಇವನ ಕೈಲೆ ಜೋಳದಾಗ ವಿಷ ಕಲಿಸ್ಯಾರ. ಮುದುಕಿ ಸತ್ತಾಳ. ಇನ್ನೂ ಎಷ್ಟು ಮಂದಿ ಸಾಯತಾರೋ" ಎನ್ನುತ್ತಿದ್ದ. ಮದಾರ್ ಸಾಬನ ಹಣೆ ಒಡೆದಿತ್ತು. ಉಟ್ಕೂರಿನಲ್ಲಿ ಹೀಗೆ ಹಿಡಿದು ಕಟ್ಟಿದವರು ಜೀವಂತ ಉಳಿಯಲಿಲ್ಲವೆಂದು ಎಲ್ಲರೂ ಕೇಳಿದ್ದರು. ಇಲ್ಲೂ ಅದೇ ಆಗುತ್ತಿತ್ತು.

ನಾನು ಹಿಂದೆ ನಿಂತಿದ್ದೆ. ಮುಂದೆ ಹೇಗೆ ಹೋದೆನೋ ನೆನಪಿಲ್ಲ. "ಜೋಳದಾಗ ಏನೂ ಇಲ್ಲ" ಎಂದೆ. "ವಿಷ ಡಬ್ಬ್ಯಾಗ ಇತ್ತು. ಇಲಿ ಪಾಷಾಣ. ಆಗಸ್ಟಿನಾಗ ನನಗ ತೋರಿಸಿದ್ರು. ನಾನು ಅರ್ಧ ಪರೀಕ್ಷಾ ಮಾಡಿ, ಏನೂ ಆಗಂಗಿಲ್ಲ ಅಂತ ಹೇಳಿದೆ. ತಪ್ಪು ನಂದು. ಇವನ್ನ ಬಿಡ್ರಿ."

ಯಂಕಣ್ಣ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು ಮೆಲ್ಲಗೆ ಹೇಳಿದ: "ಆಚಾರ್ರ, ನೀವು ಮನಿಗೆ ಹೋಗ್ರಿ. ಜೀವ ಉಳಿಸಿದೀರಿ ಅಂತ ಮಂದಿ ಕೈ ಮುಗಿಯಾಕ ಹತ್ತ್ಯಾರ. ಈ ಸಾಬನ ಸಲುವಾಗಿ ಯಾಕ ಮೈಮ್ಯಾಲ ಹಾಕ್ಕೋತೀರಿ?"

"ಮೈಮ್ಯಾಲ ಹಾಕ್ಕೊಳ್ಳಾಕ ಹತ್ತಿಲ್ಲ. ಇದ್ದದ್ದು ಹೇಳತೀನಿ" ಎಂದೆ, ಎಲ್ಲರಿಗೂ ಕೇಳುವಂತೆ.

ಯಾರೂ ನಂಬಲಿಲ್ಲ. ಪುಡಿ, ಆಮ್ಲ, ಜ್ವಾಲೆ ಎಂದು ವಿವರಿಸಲು ಹೋದೆ. ನಾಲ್ಕು ಜನ ನಕ್ಕರು. ಹತ್ತು ನಿಮಿಷ ಹೀಗೇ ಹೋಗಿರಬೇಕು, ಅಷ್ಟರಲ್ಲಿ ಜನ ದಾರಿ ಬಿಟ್ಟರು. ಮೊಗುಲಮ್ಮನೂ ಇನ್ನೊಬ್ಬಳೂ ಪೆಂಟಮ್ಮನ ಎರಡೂ ಬಗಲಿಗೆ ಕೈ ಕೊಟ್ಟು ನಡೆಸಿಕೊಂಡು ಬರುತ್ತಿದ್ದರು. ಹಿಂದೆ ಹೊರಸಿನ ಮೇಲೆ ಕುರುಮಯ್ಯ.

ಪೆಂಟಮ್ಮ ಹೇಳಿದಳು: "ಆ ಪುಡಿ ಗೋದಾಮಿನಿಂದ ನಾನ ತಂದೀನಿ. ನಾನ ಕಲಿಸೀನಿ. ಬಾಯಾಗ ಹೋದ್ರ ಏನಾಗತೈತಿ ಅಂತ ಮಾಸ್ತರನ್ನ ಕೇಳಿದ್ದೆ. ಏನಾಗಂಗಿಲ್ಲ ಅಂದ್ರು. ಮದಾರ್ ಸಾಬ್ ಮುಟ್ಟಿಲ್ಲ. ನಮ್ಮತ್ತಿ ಹೆಸರಲೆ ಅವನ್ನ ಬಡಿಯಬ್ಯಾಡ್ರಿ."

ಯಂಕಣ್ಣ ತಾನೇ ಹಗ್ಗ ಬಿಚ್ಚಿದ.

ಕುರುಮಯ್ಯ ಹೊರಸಿನ ಮೇಲಿಂದ ನನ್ನನ್ನು ನೋಡಿದ. "ಅಂದ್ರ ನಮ್ಮವ್ವನ್ನ ಕೊಂದಾಂವ ನೀನು" ಎಂದ. ನನ್ನನ್ನು ಈ ಊರಲ್ಲಿ ಯಾರೂ ಏಕವಚನದಲ್ಲಿ ಕರೆದಿರಲಿಲ್ಲ.

"ಹೌದು" ಎಂದೆ.

ಮದಾರ್ ಸಾಬನನ್ನು ಅವನ ಮನೆಯವರೆಗೆ ಬಿಟ್ಟುಬಂದೆ. ದಾರಿಯಲ್ಲಿ ಅವನು ಹೇಳಿದ: "ಇಲಿಗೆ ಹಾಕೋ ದವಾ ಅಂತ ನನಗ ಮಾಲೂಮಿತ್ತು ಸಾಬ್. ಹಿಂದಿನ ಚೌಕೀದಾರ್ ಹೇಳಿದ್ದ. ಆ ದಿನ ನೀವು ಕೇಳಿದ್ರ ಹೇಳತಿದ್ದೆ."

ಕೇಳಲು ಅರ್ಧ ನಿಮಿಷ ಸಾಕಿತ್ತು. ಅವನು ಬಾಗಿಲಲ್ಲೇ ನಿಂತಿದ್ದ.

೨೫ ಸೆಪ್ಟೆಂಬರ್, ಶನಿವಾರ

ಬರೆಯುವಂಥದ್ದಿಲ್ಲ.

೨೮ ಸೆಪ್ಟೆಂಬರ್, ಮಂಗಳವಾರ

ರಾಧಾಬಾಯಿಗೆ ನಡೆದದ್ದೆಲ್ಲ ಕಾಗದ ಬರೆದೆ. ಆರು ಹಾಳೆಯಾಯಿತು. ಟಪಾಲು ಯಾವಾಗ ಹೋಗುತ್ತದೋ. ಕಿಷ್ಟಮ್ಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಳೆಂದು ಮೊಗುಲಮ್ಮ ಹೇಳಿದಳು. ಅವರ ಮನೆಗೆ ನಾನು ಹೋಗುತ್ತಿಲ್ಲ. ಸಂಜೆ ಮೊಗುಲಮ್ಮನ ಜೋಪಡಿಯಲ್ಲಿ ಕೂತು ಕೇಳಿ ಬರುತ್ತೇನೆ.

೧ ಅಕ್ಟೋಬರ್, ಶುಕ್ರವಾರ

ಮಧ್ಯಾಹ್ನ ಕುರುಮಯ್ಯ ಬಂದ. ಕೋಲೂರಿಕೊಂಡು, ಕುರುಬರ ಓಣಿಯಿಂದ ನಮ್ಮ ಮನೆಯವರೆಗೆ ಒಬ್ಬನೇ. ಮೂರು ಕಡೆ ಕೂತು ಬಂದೆ ಎಂದ. ಒಳಗೆ ಕರೆದೆ, ಬರಲಿಲ್ಲ. ಕಟ್ಟೆಯ ಮೇಲೆ ಕೂತ. ನೀರು ತಂದುಕೊಟ್ಟೆ, ಕುಡಿದ.

"ನಾಳಿಗೆ ಹನ್ನೊಂದನೇ ದಿನ, ಅವ್ವಂದು" ಎಂದ. "ಬೀರಪ್ಪನ ಗುಡಿ ಮುಂದ ಊಟ ಐತಿ. ನೀನು ಬರಬ್ಯಾಡ. ಅದನ್ನ ಹೇಳಾಕ ಬಂದೀನಿ."

ಆಗಲಿ ಎಂದೆ.

"ನಮ್ಮ ಮಂದಿ ಏನೂ ಅನ್ನಂಗಿಲ್ಲ. ಅವರ ಸಲುವಾಗಿ ಅಲ್ಲ. ನಿನ್ನ ಮಾರಿ ನೋಡಕೋತ ಅವ್ವನ ಹೆಸರಿನ ತುತ್ತು ನನಗ ಇಳಿಯಂಗಿಲ್ಲ. ಹೆಂಗೂ ಬರತಾನ, ಬಂದಮ್ಯಾಲ ಹೋಗು ಅನ್ನಾದು ಚಂದಲ್ಲ ಅಂತ ಮೊದಲ ಹೇಳಿದೆ."

ಕುರುಬರ ತಿಥಿಯೂಟಕ್ಕೆ ನಮ್ಮ ಮನೆತನದವರು ಯಾರೂ ಹೋದದ್ದಿಲ್ಲ. ಆದರೆ ನಾನು ಹೋಗಬೇಕೆಂದಿದ್ದೆ ಎಂಬುದು, ಬೇಡವೆಂದು ಅವನು ಹೇಳಿದಾಗಲೇ ನನಗೆ ತಿಳಿಯಿತು.

ಅವನು ಎದ್ದ. "ಹುಡುಗಿ ಕೇಳತಿರತಾಳ, ಮಾಸ್ತರ್ ಎಲ್ಲಿ ಅಂತ. ಅವ್ವನ ದಿನ ಆದಮ್ಯಾಲ ಒಮ್ಮಿ ಬಂದು ಹೋಗ್ರಿ."

ನಮ್ಮ ಮನೆಯ ಮುಂದೆ ಕಲ್ಲಿನ ಇಳಿಜಾರು. ಇಳಿಯುವಾಗ ಅವನ ಕಾಲು ನಡುಗಿತು, ನನ್ನ ಭುಜದ ಮೇಲೆ ಕೈಯಿಟ್ಟ. ಬಾವಿಯವರೆಗೆ ಹಾಗೆಯೇ ನಡೆದೆವು. ನೆಲ ಸಮನಾದ ಮೇಲೆ ಕೈ ತೆಗೆದು, ಕೋಲೂರಿಕೊಂಡು ಹೋದ.